ಆವಾಸದಾನ: ಹಂಪಿ-ಹೊಸಪೇಟೆ ಪರಿಸರದ ಒಂದು ಅವಲೋಕನ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳು ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠವಾಗಿವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ವಿವರಿಸುವಾಗ ಮಾತ್ರ ಈ ಎಣಿಕೆ ತುಸು ಬೇರೆಯಾಗಿದೆ: ಆಹಾರ, ಔಷಧ, ಉಪಕರಣ, ಆವಾಸ. ನೆಲೆಯನ್ನೀಯುವುದೂ ಸೇವೆಯೇ ಎಂಬುದು ಆಚಾರ್ಯರ ಅಭಿಪ್ರಾಯ. ಅದಕ್ಕೆ ಅವರು ಕೊಟ್ಟ ದೃಷ್ಟಾಂತ ರಾಜನದಲ್ಲ, ಶ್ರೇಷ್ಠಿಯದೂ ಅಲ್ಲ, ಒಂದು ಹಂದಿಯದು.

ಟೀಕಾಕಾರರು ಹೇಳುವ ಕಥೆ ಹೀಗಿದೆ. ಒಬ್ಬ ಕುಂಬಾರನೂ ಒಬ್ಬ ಕ್ಷೌರಿಕನೂ ಕೂಡಿ ಪಥಿಕರಿಗಾಗಿ ಒಂದು ವಸತಿಯನ್ನು ಕಟ್ಟಿಸಿದರು. ಕುಂಬಾರನು ಅಲ್ಲಿ ಒಬ್ಬ ಮುನಿಗೆ ಇಂಬುಕೊಟ್ಟನು. ಕ್ಷೌರಿಕನು ಮುನಿಯನ್ನು ಹೊರಗೆ ಕಳುಹಿಸಿ ತನಗೆ ಬೇಕಾದ ಪರಿವ್ರಾಜಕನನ್ನು ಇರಿಸಿದನು. ಮುನಿಯು ಮರದಡಿಯಲ್ಲಿ ಚಳಿಯನ್ನೂ ಸೊಳ್ಳೆಯನ್ನೂ ಸಹಿಸಿ ರಾತ್ರಿ ಕಳೆದನು. ಗೆಳೆಯರಿಬ್ಬರೂ ಹೊಡೆದಾಡಿ ಸತ್ತು, ಒಬ್ಬನು ಹಂದಿಯಾಗಿ, ಇನ್ನೊಬ್ಬನು ಹುಲಿಯಾಗಿ ವಿಂಧ್ಯದಲ್ಲಿ ಹುಟ್ಟಿದರು. ಮುನಿಗಳು ತಂಗಿದ್ದ ಗುಹೆಯ ಬಾಗಿಲಲ್ಲಿ ನಿಂತು, ಹುಲಿಯನ್ನು ತಡೆದು ಪ್ರಾಣಬಿಟ್ಟ ಹಂದಿಗೆ ಸ್ವರ್ಗ ದೊರೆಯಿತು. ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವ ಅಂಶವೊಂದುಂಟು. ವಸತಿಯನ್ನು ಇಬ್ಬರೂ ಕಟ್ಟಿಸಿದ್ದರು. ಬಾಗಿಲಲ್ಲಿ ನಿಂತು ಕಾದವನು ಒಬ್ಬನೇ.

ಆಚಾರ್ಯರ ಮಾತು ತಪೋಧನರನ್ನು ಕುರಿತದ್ದು, ಬೀದಿಯಲ್ಲಿ ಮಲಗುವವರನ್ನು ಕುರಿತದ್ದಲ್ಲವೆಂದು ಕೆಲವರು ಆಕ್ಷೇಪಿಸಬಹುದು. ನಿಜ. ಆದರೆ ಪಾತ್ರದತ್ತಿಯ ಜೊತೆಯಲ್ಲೇ ದಯಾದತ್ತಿಯನ್ನೂ ಜಿನಸೇನಾಚಾರ್ಯರು ಹೇಳಿದ್ದಾರೆ. ನಮ್ಮ ದೇವಾಲಯದ ಹೆಸರಾದ ‘ಬಸದಿ’ಯೂ ‘ವಸತಿ’ ಎಂಬ ಶಬ್ದದ ತದ್ಭವವೇ.

ಈ ದೃಷ್ಟಿಯಿಂದ ತುಂಗಭದ್ರೆಯ ದಡದ ಇತಿಹಾಸವನ್ನು ನೋಡೋಣ. ಹಂಪಿಯ ಗಾಣಗಿತ್ತಿ ಬಸದಿಯನ್ನು 1385ರಲ್ಲಿ ಇರುಗಪ್ಪ ದಂಡನಾಯಕನು ಕುಂಥುನಾಥ ಜಿನನಿಗಾಗಿ ಕಟ್ಟಿಸಿದನು. ಅದರ ಬಳಿಯಿಂದ ಹಾಯುವ ದಾರಿ ಕಂಪ್ಲಿಗೆ ಹೋಗುತ್ತದೆ. ಆ ಕಂಪಿಲಿಯ ದೊರೆಯು ದಿಲ್ಲಿಯ ಸುಲ್ತಾನನ ಮೇಲೆ ದಂಗೆಯೆದ್ದು ಓಡಿಬಂದ ಬಹಾಉದ್ದೀನ್ ಗುರ್ಶಾಸ್ಪನಿಗೆ ಆಶ್ರಯವಿತ್ತನು. ಒಪ್ಪಿಸಲು ನಿರಾಕರಿಸಿ 1327ರ ಸುಮಾರಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಆ ಯುದ್ಧದ ಹಿಂಸೆಯನ್ನು ನಾವು ಕೊಂಡಾಡಲಾರೆವು. ಆದರೆ ಅದೇ ಅತಿಥಿಯನ್ನು ಮುಂದೆ ಹೊಯ್ಸಳ ಬಲ್ಲಾಳನು ಸುಲ್ತಾನನಿಗೆ ಒಪ್ಪಿಸಿದನೆಂಬುದನ್ನು ನೆನೆದರೆ, ಆಶ್ರಯಕ್ಕೆ ತೆರಬೇಕಾದ ಬೆಲೆ ಎಷ್ಟೆಂದು ತಿಳಿಯುತ್ತದೆ.

ನಾಲ್ಕು ದಶಕಗಳ ಬಳಿಕ, 1368ರಲ್ಲಿ, ಆನೆಗೊಂದಿ ಮೊದಲಾದೆಡೆಯ ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟಾಗ ಹೊರಟ ಶಾಸನವು ನಮ್ಮ ಓದುಗರಿಗೆ ವಿದಿತವೇ ಇದೆ. ಅದರ ಕೊನೆಯ ಭಾಗವನ್ನು ಗಮನಿಸುವವರು ವಿರಳ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನೆತ್ತಿ, ಬೆಳ್ಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ಇರಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ರಕ್ಷಣೆಯನ್ನು ಕೇವಲ ಆಜ್ಞೆಗೆ ಬಿಡದೆ ವರ್ಷವರ್ಷದ ವೆಚ್ಚವನ್ನೂ ನೇಮಿಸಿದ ವಿವೇಕವಿದು.

ನಮ್ಮ ಕಾಲದ ಸರ್ಕಾರಗಳಲ್ಲಿ ಇಂಥ ವಿವೇಕ ಅಪೂರ್ಣವಾಗಿ ಕಾಣುತ್ತದೆ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ನೀರಿನಲ್ಲಿ ಹತ್ತಾರು ಗ್ರಾಮಗಳು ಮುಳುಗಿದವು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬಾಳು ಹೂಡಿದರು. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ತಲೆತಲಾಂತರದಿಂದ ವಾಸವಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಸ್ಮಾರಕವನ್ನು ಉಳಿಸಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಮನೆ ಬಿದ್ದದ್ದು ಒಂದು ದಿನದಲ್ಲಿ. ಕಡ್ಡಿರಾಂಪುರದಲ್ಲಿ ನಿವೇಶನ ಕೈಸೇರಲು ಬಹುಕಾಲ ಹಿಡಿಯಿತು. ಅದೇ ಸಮಯದಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಸಂಡೂರಿನ ಗಣಿಗಳನ್ನೇ ನಂಬಿ ದೂರದಿಂದ ಬಂದು ಬಾಡಿಗೆ ಕೋಣೆಗಳಲ್ಲಿದ್ದ ಕೂಲಿಗಾರನಿಗೆ ಕೂಲಿ ನಿಂತ ತಿಂಗಳೇ ಬಾಡಿಗೆಯೂ ನಿಲ್ಲುತ್ತದೆ. ಇಂಥ ನಡುಗಾಲದಲ್ಲಿ ಬೇಕಾದದ್ದು ನಿವೇಶನವಲ್ಲ, ತಿಂಗಳ ಬಾಡಿಗೆಯ ನೆರವು. ಭೂಸ್ವಾಧೀನದಿಂದ ನೆಲೆ ತಪ್ಪಿದವರಿಗೆ ಒಂದು ವರ್ಷ ತಿಂಗಳಿಗೆ 3,000 ರೂಪಾಯಿ ಜೀವನಾಧಾರ ಕೊಡಬೇಕೆಂದು 2013ರ ಕಾಯಿದೆ ವಿಧಿಸಿತು. ಅದು ಹಂಪಿಯವರ ಪಾಲಿಗೆ ಎರಡು ವರ್ಷ ತಡವಾಗಿ ಬಂದಿತು.

ಇನ್ನು ಎಲ್ಲಿಂದಲೂ ಸ್ಥಳಾಂತರಗೊಳ್ಳದೆಯೇ ನೆಲೆಯಿಲ್ಲದವರ ಮಾತು. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆ 1975ರದು. ಅದರಂತೆ ಸ್ಥಳೀಯ ಸಂಸ್ಥೆಗಳ ತೆರಿಗೆಯ ಮೇಲೆ ನೂರಕ್ಕೆ ಮೂರರಂತೆ ಉಪಕರ ಬೀಳುತ್ತದೆ. ಬುಕ್ಕರಾಯನ ಕಾಲದ ಮನೆಗೊಂದು ಹಣದಂತೆ, ಇಂದಿಗೂ ಮನೆ ತೆರಿಗೆ ಕಟ್ಟುವ ಪ್ರತಿಯೊಬ್ಬ ಶ್ರಾವಕನೂ ತಿಳಿದೋ ತಿಳಿಯದೆಯೋ ಈ ಕಾಣಿಕೆ ಸಲ್ಲಿಸುತ್ತಿದ್ದಾನೆ. ಆದರೆ ಆ ಕಾಯಿದೆಯ ಬಲವಿರುವುದು ಹಿಡಿದು ತಂದು ಇರಿಸುವುದರಲ್ಲಿ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಮೃತಪಟ್ಟಾಗ, ಸೂರು ಬೇರೆ, ಆರೈಕೆ ಬೇರೆ ಎಂಬುದು ನಾಡಿಗೆ ಗೋಚರವಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಲಕ್ಷ ಜನಸಂಖ್ಯೆಗೆ ನೂರು ಜನರಿಗೆ ಸಾಲುವಷ್ಟು ಆಶ್ರಯಧಾಮವಿರಬೇಕೆಂದು ನಿಯಮಿಸಿತು. 2011ರ ಜನಗಣತಿಯಲ್ಲಿ ಎರಡು ಲಕ್ಷವನ್ನು ದಾಟಿದ್ದ ಹೊಸಪೇಟೆಗೆ ಆ ಲೆಕ್ಕದಲ್ಲಿ ಇನ್ನೂರು ಜನರ ಸ್ಥಳ ಬೇಕು. 2020ರಲ್ಲಿ ವಲಸೆ ಕಾರ್ಮಿಕರಿಗಾಗಿ ಕೈಗೆಟುಕುವ ಬಾಡಿಗೆ ವಸತಿ ಯೋಜನೆಯೂ ಬಂದಿತು. ದುಡಿಯಬಲ್ಲವನಿಗೆ ಅದು ಒದಗೀತು. ಚಿತ್ತಸ್ವಾಸ್ಥ್ಯ ಕಳೆದುಕೊಂಡವನಿಗೆ, ಮಕ್ಕಳು ಬಿಟ್ಟುಹೋದ ವೃದ್ಧೆಗೆ ಬಾಡಿಗೆಯ ರಸೀತಿಯೊಂದೇ ಸಾಲದು. ಮಾತ್ರೆ ಕೊಡುವವರು, ಜ್ವರ ಬಂದಾಗ ಬಾಗಿಲು ತಟ್ಟುವವರು ಬೇಕು. ಅಮೆರಿಕದಲ್ಲಿ 1990ರ ದಶಕದಿಂದ ಇಂಥವರಿಗೆ ಸರ್ಕಾರವೇ ಬಾಡಿಗೆಯ ಹೆಚ್ಚಿನ ಪಾಲನ್ನು ಭರಿಸಿ, ಬಾಡಿಗೆದಾರನ ಆದಾಯದಲ್ಲಿ ನೂರಕ್ಕೆ ಸುಮಾರು ಮೂವತ್ತನ್ನು ಮಾತ್ರ ಪಡೆದು, ಜೊತೆಗೆ ಶುಶ್ರೂಷೆಯನ್ನೂ ಜೋಡಿಸುವ ಕ್ರಮ ಬೆಳೆದಿದೆ. ನಮ್ಮಲ್ಲಿಯೂ 2017ರ ಮಾನಸಿಕ ಆರೋಗ್ಯ ಕಾಯಿದೆಯು ಆಸರೆಯೊಡಗೂಡಿದ ವಸತಿಯನ್ನು ಸರ್ಕಾರದ ಹೊಣೆಯೆಂದೇ ಹೇಳಿದೆ. ಆಚಾರ್ಯರು ಆವಾಸವನ್ನು ವೈಯಾವೃತ್ಯದಿಂದ ಬೇರ್ಪಡಿಸದೆ ಅದರೊಳಗೇ ಇರಿಸಿದ್ದರ ಮರ್ಮವೂ ಇದೇ.

ನಮ್ಮ ಅನೇಕ ಧರ್ಮಶಾಲೆಗಳಲ್ಲಿ ಯಾತ್ರಿಕನು ಮೂರು ದಿನಕ್ಕಿಂತ ಹೆಚ್ಚು ಇರಬಾರದೆಂಬ ನಿಯಮವುಂಟು. ಪರ್ವಕಾಲದ ನೂಕುನುಗ್ಗಲಿಗೆ ಅದು ಯುಕ್ತವೇ. ಉಳಿದ ತಿಂಗಳುಗಳಲ್ಲಿ ಬೀಗ ಹಾಕಿದ ಕೋಣೆಗಳ ಪೈಕಿ ಎರಡನ್ನಾದರೂ ಇಂಥ ಒಬ್ಬಿಬ್ಬರಿಗೆ ವರ್ಷಾವಧಿ ಬಿಟ್ಟುಕೊಟ್ಟು, ಆರೈಕೆಯ ಸಂಬಳವನ್ನು ಅನ್ನದಾನದ ಖಾತೆಯ ಪಕ್ಕದಲ್ಲಿ ಬೇರೊಂದು ಖಾತೆಯಾಗಿ ಬರೆಯಲು ಸಾಧ್ಯವೇ ಎಂಬುದನ್ನು ಬಸದಿಗಳ ಟ್ರಸ್ಟಿಗಳು ತಮ್ಮ ಮುಂದಿನ ವಾರ್ಷಿಕ ಸಭೆಯಲ್ಲಿ ಚರ್ಚೆಗೆ ತರಬಹುದಾಗಿದೆ.