ಜಾಲಿ, ಹೊನ್ನೆ, ಬೀಟೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಮರಗಳ ಗುರುತು ಮತ್ತು ಬಳಕೆ

ದಕ್ಷಿಣ ಮೈಸೂರಿನ ಅರಣ್ಯಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಮರಗಳ ಹೆಸರುಗಳೇ ಮೊದಲನೆಯ ತೊಡಕಾಗಿ ಪರಿಣಮಿಸುತ್ತವೆ. ಒಂದೇ ಮರವು ಮೈಸೂರು ಸರ್ಕಾರದ ಕಡತದಲ್ಲಿ ಒಂದು ಹೆಸರಿನಿಂದಲೂ, ಮದರಾಸು ಸರ್ಕಾರದ ಕಡತದಲ್ಲಿ ಬೇರೊಂದು ಹೆಸರಿನಿಂದಲೂ, ಆಂಗ್ಲ ವ್ಯಾಪಾರಿಯ ಪಟ್ಟಿಯಲ್ಲಿ ಮೂರನೆಯ ಹೆಸರಿನಿಂದಲೂ ಕಾಣಬರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ವಿಷಯದಲ್ಲಿ ಈ ತೊಡಕು ಮತ್ತಷ್ಟು ಹೆಚ್ಚು. ಕನ್ನಡ, ತಮಿಳು, ಮಲಯಾಳ ಭಾಷೆಗಳ ಎಲ್ಲೆಗಳು ಇಲ್ಲಿ ಒಂದನ್ನೊಂದು ಕೂಡುತ್ತವೆ. ನೆರೆಯ ಕೊಳ್ಳೇಗಾಲವಂತೂ ೧೯೫೬ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗಾಗಿ ಮರವನ್ನು ಗುರುತಿಸಬಲ್ಲ ಮರಗೆಲಸದವನ ತಿಳಿವಳಿಕೆಯು ಚರಿತ್ರಕಾರನಿಗೂ ಅವಶ್ಯವಾಗುತ್ತದೆ. ಈ ಸೀಮೆಯ ಬಡಗಿಗಳೂ ಮರ ಕೊಯ್ಯುವವರೂ ಹೆಚ್ಚಾಗಿ ಬಳಸಿದ, ದ್ವಿದಳ ಧಾನ್ಯಗಳ ಕುಟುಂಬಕ್ಕೇ ಸೇರಿದ ಕೆಲವು ಮರಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹೆಸರಿನ ಗೊಂದಲವು ನಮ್ಮ ನಾಡಿಗೆ ಮಾತ್ರ ಮೀಸಲಾದುದಲ್ಲ. ಉತ್ತರ ಅಮೆರಿಕದಲ್ಲಿ ಹಡಗಿನ ಮರದ ಮೊಳೆಗೂ ಬೇಲಿಯ ಕಂಬಕ್ಕೂ ಹೆಸರಾದ ‘ಲೋಕಸ್ಟ್’ ಎಂಬ ಮರವೊಂದುಂಟು. ಲೋಕಸ್ಟ್ ಎಂದರೆ ಮಿಡತೆ. ಮೆಡಿಟರೇನಿಯನ್ ತೀರದ ಕ್ಯಾರಬ್ ಎಂಬ ಕಾಯಿಮರಕ್ಕೆ ಮೊದಲಿದ್ದ ಈ ಹೆಸರನ್ನು ವಲಸೆ ಹೋದವರು ಅಲ್ಲಿನ ಮರಕ್ಕೆ ಇಟ್ಟರು. ಲಿನೀಯಸನು ೧೭೫೩ರಲ್ಲಿ ಅದಕ್ಕೆ ಕೊಟ್ಟ ಶಾಸ್ತ್ರೀಯ ನಾಮ ರಾಬಿನಿಯ ಸ್ಯೂಡೊಅಕೇಸಿಯ. ಮೊದಲ ಪದವು ಫ್ರಾನ್ಸಿನ ಅರಸರ ತೋಟಗಾರನಾಗಿದ್ದ ಜೀನ್ ರಾಬಿನನನ್ನು ಸ್ಮರಿಸುತ್ತದೆ. ಎರಡನೆಯದಕ್ಕೆ ‘ಹುಸಿ ಅಕೇಸಿಯ’ ಎಂದರ್ಥ. ಪ್ರಾಚೀನ ಗ್ರೀಕರು ಅಕೇಸಿಯವೆಂದು ಕರೆದದ್ದು ಈಜಿಪ್ಟಿನ ಮುಳ್ಳುಮರವನ್ನು. ಅದು ನಮ್ಮ ಕರಿಜಾಲಿಯೇ. ಆದುದರಿಂದ ಅಮೆರಿಕದ ಆ ಮರವನ್ನು ಕನ್ನಡದಲ್ಲಿ ‘ಹುಸಿಜಾಲಿ’ ಎನ್ನುವುದರಲ್ಲಿ ತಪ್ಪಿಲ್ಲ. ಕಾಶ್ಮೀರದಲ್ಲಿ ನೆಟ್ಟು ಬೆಳೆಸಿದ ಈ ಮರಕ್ಕೆ ಅಲ್ಲಿನ ಜನರು ಜಾಲಿಯ ಉತ್ತರದೇಶೀಯ ಹೆಸರಾದ ‘ಕೀಕರ್’ ಎಂಬುದನ್ನೇ ಇಟ್ಟಿದ್ದಾರೆ. ವಿನೋದವೆಂದರೆ, ೨೦೦೫ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರು ಅಕೇಸಿಯ ಎಂಬ ನಾಮವನ್ನು ಆಸ್ಟ್ರೇಲಿಯದ ಜಾತಿಗಳಿಗೆ ಉಳಿಸಿಕೊಟ್ಟುದರಿಂದ ಕರಿಜಾಲಿಯು ಈಗ ವಾಚೆಲಿಯ ನೈಲೋಟಿಕವಾಗಿದೆ. ಹುಸಿಜಾಲಿಯ ಹೆಸರಿನಲ್ಲಿ ಅಕೇಸಿಯ ಉಳಿಯಿತು. ನಿಜವಾದ ಜಾಲಿಯ ಹೆಸರಿನಿಂದ ಅದು ಹೋಯಿತು.

ಚಾಮರಾಜನಗರದ ಮೈದಾನದಲ್ಲಿ ಕರಿಜಾಲಿಯು ಹೊಲದ ಬದುಗಳಲ್ಲಿಯೂ ಕೆರೆಯಂಗಳಗಳಲ್ಲಿಯೂ ಬೆಳೆಯುವ ಮರ. ಗೊಬ್ಬಳಿಯೆಂಬ ಹೆಸರೂ ಇದಕ್ಕುಂಟು. ಕಾಡಿಗೆ ಹೋಗದೆ, ಅಪ್ಪಣೆಯ ಚೀಟಿಗೆ ಕಾಯದೆ ರೈತನ ಕೈಗೆ ದೊರೆಯುತ್ತಿದ್ದ ಗಟ್ಟಿಮರವಿದು. ಇದರ ಐತಿಹಾಸಿಕ ಮಹತ್ತ್ವವಿರುವುದು ಇಲ್ಲಿಯೇ. ದಿಮ್ಮಿಯನ್ನು ಅಡ್ಡಲಾಗಿ ಕೊಯ್ದರೆ ಹೊರಗೆ ಅಗಲವಾದ ಬಿಳಿಯ ಮರವೂ, ಒಳಗೆ ಕೆಂಪುಮಿಶ್ರಿತ ಕಂದು ಬಣ್ಣದ ಚೇಗೂ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತವೆ. ಹೊಸದಾಗಿ ಕೊಯ್ದಾಗ ನಸುಗೆಂಪಾಗಿದ್ದ ಚೇಗು ಗಾಳಿ ಬೆಳಕುಗಳಿಗೆ ಕಪ್ಪೇರುತ್ತದೆ. ಬಿಳಿಯ ಭಾಗವನ್ನು ಹುಳು ಬಲು ಬೇಗ ಕೊರೆಯುವುದರಿಂದ ದಿಮ್ಮಿಯನ್ನು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿಟ್ಟು ಹದಗೊಳಿಸುವ ರೂಢಿಯಿತ್ತು. ಗಾಡಿಯ ಗಾಲಿ, ನೇಗಿಲು, ಕುಂಟೆ, ಗಾಣದ ಭಾಗಗಳು, ಕೊಡಲಿಯ ಕಾವು ಇವೆಲ್ಲವೂ ಜಾಲಿಯವು. ತೊಗಟೆಯು ತೊಗಲು ಹದಮಾಡುವವರಿಗೂ, ಕಾಯಿಯು ಆಡುಗಳಿಗೂ ಸಲ್ಲುತ್ತಿತ್ತು. ಗಾಲಿಯ ಗುಂಬಕ್ಕೆ ಜಾಲಿಯನ್ನೇ ಆರಿಸಲು ಕಾರಣವಿದೆ. ಸುತ್ತಲೂ ಅರೆಗಳಿಗಾಗಿ ತೂತು ಕೊರೆದ ಮೇಲೆ ಮರವು ಸೀಳದೆ ನಿಲ್ಲಬೇಕು. ನೆಟ್ಟನೆಯ ಎಳೆಯ ಮರ ಅಲ್ಲಿ ಸೀಳುತ್ತದೆ, ಜಾಲಿಯ ಹೆಣೆದುಕೊಂಡ ಎಳೆ ಸೀಳುವುದಿಲ್ಲ. ಟೈರುಗಾಡಿಯು ಬಂದ ಮೇಲೆ ಈ ಕೆಲಸವೂ, ಅದನ್ನು ಬಲ್ಲವರೂ ವಿರಳವಾದರು.

ಹಳೆಯ ದಾಖಲೆಗಳಲ್ಲಿ ‘ಜಾಲಿ’ ಎಂಬ ಪದವನ್ನು ಕಂಡಾಗ ಎಚ್ಚರಿಕೆ ಬೇಕು. ಕರಿಜಾಲಿಯಲ್ಲದೆ ಬಿಳಿಯ ತೊಗಟೆಯ ಬಿಳಿಜಾಲಿಯೂ ಇದೆ. ಇಂದು ಸೌದೆಯ ಮಂಡಿಗಳಲ್ಲಿ ಜಾಲಿಯೆಂದು ಮಾರಾಟವಾಗುವುದು ಬಹುಮಟ್ಟಿಗೆ ಬಳ್ಳಾರಿ ಜಾಲಿ. ಅದು ಅಮೆರಿಕ ಮೂಲದ್ದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಅರಿಕುಠಾರಕ್ಕೆ ತಮ್ಮ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದಾಗ ಇಲ್ಲಿನ ಯಾವ ಬದುವಿನಲ್ಲಿಯೂ ಬಳ್ಳಾರಿ ಜಾಲಿ ಇರಲಿಲ್ಲ.

ಮೈದಾನವನ್ನು ಬಿಟ್ಟು ಬಂಡೀಪುರದ ಕಡೆಗೋ ಬಿಳಿಗಿರಿರಂಗನ ಬೆಟ್ಟದ ಕಡೆಗೋ ಹೊರಟರೆ ಹೊನ್ನೆಯೂ ಬೀಟೆಯೂ ದೊರೆಯುತ್ತವೆ. ಹೊನ್ನೆಯ ತೊಗಟೆಗೆ ಏಟು ಬಿದ್ದರೆ ನೆತ್ತರಿನಂತಹ ಅಂಟು ಒಸರುತ್ತದೆ. ‘ಮಲಬಾರ್ ಕೈನೊ’ ಎಂಬ ಹೆಸರಿನಿಂದ ಯೂರೋಪಿನ ಔಷಧ ವ್ಯಾಪಾರಕ್ಕೆ ಹೋಗುತ್ತಿದ್ದುದು ಈ ಅಂಟೇ. ಚೇಗು ಹೊಂಬಣ್ಣದ ಕಂದು. ಹಸಿಯಾಗಿರುವಾಗ ತಾಗಿದುದಕ್ಕೆಲ್ಲ ಹಳದಿಯ ಕಲೆಯನ್ನು ಹತ್ತಿಸುತ್ತದೆ. ಹೊನ್ನೆಯ ಬಾಗಿಲವಾಡದ ಪಕ್ಕದ ಸುಣ್ಣದ ಗೋಡೆಯ ಮೇಲೆ ಕಾಣುವ ಹಳದಿಯ ಗೆರೆಗೆ ಕಾರಣವೂ ಇದೇ. ಅದನ್ನು ಬಡಗಿಯ ಅಲಕ್ಷ್ಯವೆನ್ನದೆ ಮರದ ರುಜುವೆನ್ನಬೇಕು. ಇದಕ್ಕಿಂತಲೂ ಖಚಿತವಾದ ಪರೀಕ್ಷೆಯೊಂದಿದೆ. ಹೊನ್ನೆಯ ಚೇಗಿನ ಹೊಟ್ಟನ್ನು ನೀರಿನಲ್ಲಿ ನೆನೆಯಿಟ್ಟರೆ ನೀರು ಚಹದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿಯ ಮಿನುಗು ಕಾಣುತ್ತದೆ. ಮಧುಮೇಹಕ್ಕೆ ಔಷಧವೆಂದು ಇಂದಿಗೂ ಮಾರಾಟವಾಗುವ ಹೊನ್ನೆಯ ಲೋಟದಲ್ಲಿ ನೀರು ಬಣ್ಣಗಟ್ಟುವುದೂ ಈ ಗುಣದಿಂದಲೇ. ಅಮೆರಿಕದ ಹುಸಿಜಾಲಿಯನ್ನು ಅದನ್ನು ಹೋಲುವ ಇತರ ಮರಗಳಿಂದ ಬೇರ್ಪಡಿಸಲು ಅಲ್ಲಿನವರು ನೇರಳಾತೀತ ದೀಪವನ್ನು ಹಿಡಿಯುತ್ತಾರೆ. ಅದರ ಚೇಗು ಆ ಬೆಳಕಿನಲ್ಲಿ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ಹೊನ್ನೆಗಾದರೋ ದೀಪವೇ ಬೇಡ, ಬಿಸಿಲು ಸಾಕು.

ಆದರೆ ಆ ದೇಶದ ಗ್ರಂಥಗಳಲ್ಲಿ ಹೇಳುವ ಇನ್ನೊಂದು ಪರೀಕ್ಷೆ ನಮ್ಮಲ್ಲಿ ಅಷ್ಟಾಗಿ ಫಲಿಸದು. ಹುಸಿಜಾಲಿಯ ಕೊಯ್ದ ಮುಖದಲ್ಲಿ ವರ್ಷವರ್ಷದ ಉಂಗುರಗಳು ದೊಡ್ಡ ರಂಧ್ರಗಳ ಸಾಲಿನಿಂದ ಎದ್ದು ಕಾಣುತ್ತವೆ. ಹಿಮ ಬೀಳುವ ಚಳಿಗಾಲವಿಲ್ಲದ ಈ ಸೀಮೆಯಲ್ಲಿ ತೇಗದಂತಹ ಕೆಲವನ್ನು ಬಿಟ್ಟರೆ ಬಹುಪಾಲು ಮರಗಳಿಗೆ ಅಂತಹ ಉಂಗುರವಿಲ್ಲ. ತೂಕವೂ ಎಲ್ಲೆಡೆ ನೆರವಾಗದು. ಹೊನ್ನೆ, ಬೀಟೆಗಳೆರಡೂ ಘನ ಅಡಿಗೆ ಸುಮಾರು ೫೦ ಪೌಂಡು ತೂಗುತ್ತವೆ. ಆದುದರಿಂದ ಇಲ್ಲಿನ ಕೆಲಸಗಾರರು ಬಣ್ಣ, ವಾಸನೆ, ಗರಗಸದ ನಡೆ, ಇವನ್ನೇ ನಂಬಬೇಕಾಗಿತ್ತು.

ಬೀಟೆಯ ಚೇಗು ಕಪ್ಪುಗೆರೆಗಳಿಂದ ಕೂಡಿದ ನೇರಳೆಗಂದು. ಕೊಯ್ಯುವಾಗ ಮಧುರವಾದ ಪರಿಮಳವನ್ನು ಬೀರುತ್ತದೆ. ಒಳಗೆ ಅಲ್ಲಲ್ಲಿ ಸುಣ್ಣದಂತಹ ಗಟ್ಟಿ ಕಣಗಳಿರುವುದರಿಂದ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ. ಬಾಗೆಮರದ ಚೇಗನ್ನು ಎಣ್ಣೆ ಸವರಿ ಇಟ್ಟರೆ ಅನುಭವವಿಲ್ಲದವರ ಕಣ್ಣಿಗೆ ಬೀಟೆಯಂತೆಯೇ ತೋರಬಹುದು. ಕೊಯ್ಯುವವನು ಮಾತ್ರ ಮೋಸಹೋಗಲಾರ: ಬೀಟೆಯ ಪುಡಿ ಘಮಘಮಿಸುತ್ತದೆ, ಬಾಗೆಯ ಪುಡಿ ಸೀನು ಬರಿಸುತ್ತದೆ.

ಈ ಭೇದವು ಕೇವಲ ಕಸುಬಿನ ಸೂಕ್ಷ್ಮವೆಂದು ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಶ್ರೀರಂಗಪಟ್ಟಣದಲ್ಲಿ ಫಿರಂಗಿಗಾಡಿಗಳ ಕಾರ್ಖಾನೆಯನ್ನು ನಡೆಸುತ್ತಿದ್ದರು. ಅದು ಅನಂತರ ಮದರಾಸಿಗೆ ಹೋಯಿತು. ಬೀಟೆ, ಜಾಲಿಗಳಂತಹ ಗಟ್ಟಿಮರಗಳಿಗೆ ಸೈನ್ಯದ ಬೇಡಿಕೆ ಹುಟ್ಟಿದ್ದು ಇಂತಹ ಕಾರ್ಖಾನೆಗಳಿಂದ. ಆಮೇಲೆ ರೈಲುದಾರಿಯ ಅಡಿಮರಗಳ ಬೇಡಿಕೆ ಬಂದಿತು. ೧೮೬೪ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಏರ್ಪಟ್ಟಿತು; ೧೯೦೦ರಲ್ಲಿ ಮೈಸೂರು ಅರಣ್ಯ ರೆಗ್ಯುಲೇಷನ್ ಜಾರಿಗೆ ಬಂದಿತು. ಶ್ರೀಗಂಧ, ತೇಗಗಳೊಡನೆ ಬೀಟೆ, ಹೊನ್ನೆಗಳೂ ಸರ್ಕಾರಕ್ಕೆ ಮೀಸಲಾದ ಮರಗಳ ಪಟ್ಟಿಯನ್ನು ಸೇರಿದವು. ಅಲ್ಲಿಂದ ಮುಂದೆ ಮರದ ಗುರುತೆಂಬುದು ನ್ಯಾಯದ ಪ್ರಶ್ನೆಯೂ ಆಯಿತು. ಗಾಡಿಯ ಮೇಲಿನ ತುಂಡು ಬಾಗೆಯೋ ಬೀಟೆಯೋ ಎಂಬುದರ ಮೇಲೆ ರೈತನು ನಿರಪರಾಧಿಯೋ ಅಪರಾಧಿಯೋ ಎಂಬುದು ನಿಂತಿತು. ತೀರ್ಮಾನಿಸುವ ಅಧಿಕಾರವಾದರೋ ಗರಗಸ ಹಿಡಿದವನಿಂದ ಇಲಾಖೆಯ ನೌಕರನಿಗೆ ಹೋಯಿತು. ರೈತನು ಜಾಲಿಯನ್ನು ನೆಚ್ಚಿಕೊಂಡದ್ದಕ್ಕೆ ಅದರ ಗಟ್ಟಿತನವಷ್ಟೇ ಕಾರಣವಲ್ಲ, ಅದು ಅಂತಹ ಪಟ್ಟಿಯ ಭಯವಿಲ್ಲದ ಮರವಾಗಿದ್ದುದೂ ಕಾರಣವೆಂದು ನನ್ನ ಅಭಿಪ್ರಾಯ. ಅದೇ ಕಾಲದಲ್ಲಿ ಬೀಟೆಯು ಅರಮನೆಯ ಮರವಾಯಿತು. ೧೮೯೭ರಿಂದ ೧೯೧೨ರವರೆಗೆ ಕಟ್ಟಿದ ಮೈಸೂರಿನ ಅರಮನೆಯಲ್ಲಿ ಅಂಬಾವಿಲಾಸಕ್ಕೆ ದಂತ ಕೆತ್ತಿ ಕೂಡಿಸಿದ ಬೀಟೆಯ ಬಾಗಿಲನ್ನು ಇಂದಿಗೂ ಕಾಣಬಹುದು. ೧೯೨೬ರಲ್ಲಿ ರೈಲುದಾರಿಯು ಚಾಮರಾಜನಗರವನ್ನು ಮುಟ್ಟಿದ ಮೇಲೆ ದಿಮ್ಮಿಗಳ ಸಾಗಣೆಯೂ ಸುಲಭವಾಯಿತು.

ಇನ್ನು ದಾಖಲೆಗಳ ವಿಷಯ. ೧೮೦೦–೦೧ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಮರಗಳ ದೇಶೀಯ ಹೆಸರುಗಳನ್ನು ಕೇಳಿ ಕೇಳಿ ಬರೆದುಕೊಂಡನು. ಅವನ ಶಾಸ್ತ್ರೀಯ ನಾಮಗಳಲ್ಲಿ ಅನೇಕವು ಇಂದು ಬಳಕೆಯಲ್ಲಿಲ್ಲ. ಆದುದರಿಂದ ಅವನು ಅಕ್ಷರಗಳನ್ನು ತಿರುಚಿ ಬರೆದ ಕನ್ನಡ ಹೆಸರೇ ನಮಗೆ ಹೆಚ್ಚು ವಿಶ್ವಾಸಾರ್ಹ. ಗ್ಯಾಂಬಲನು ೧೮೮೧ರಲ್ಲಿ ಪ್ರಕಟಿಸಿ ೧೯೦೨ರಲ್ಲಿ ಪರಿಷ್ಕರಿಸಿದ ಭಾರತೀಯ ಮರಗಳ ಕೈಪಿಡಿಯಲ್ಲಿ ಚೇಗಿನ ವರ್ಣನೆಯೂ ದೇಶಭಾಷೆಗಳ ಹೆಸರುಗಳೂ ಒಟ್ಟಿಗೆ ದೊರೆಯುತ್ತವೆ. ಊರುಗಳ ಹೆಸರಿನಿಂದ ಮರವನ್ನು ಊಹಿಸುವುದು ಅಪಾಯಕರ. ಹೊನ್ನಿನಿಂದ ಆದದ್ದಾವುದು, ಹೊನ್ನೆಯಿಂದ ಆದದ್ದಾವುದು ಎಂದು ಹೆಸರೊಂದರಿಂದಲೇ ಹೇಳಲಾಗದು. ಚಾಮರಾಜನಗರದ ಹೊನ್ನುಹೊಳೆಯನ್ನು ಸುವರ್ಣಾವತಿಯೆಂದು ಸಂಸ್ಕೃತೀಕರಿಸಿದವರು ಅಲ್ಲಿ ಚಿನ್ನವನ್ನು ಕಂಡರೇ ಹೊರತು ಮರವನ್ನಲ್ಲ.

ಬಂಡೀಪುರದ ಕಾಡು ೧೯೪೧ರಲ್ಲಿ ವೇಣುಗೋಪಾಲ ವನ್ಯಮೃಗಧಾಮದ ಭಾಗವಾಯಿತು. ೧೯೭೩ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟವು ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ೨೦೧೭ನೆಯ ಜನವರಿ ೨ರಿಂದ ಬೀಟೆಯ ಕುಲಕ್ಕೆ ಸೇರಿದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಪ್ಪಂದಕ್ಕೆ ಒಳಪಟ್ಟುದರಿಂದ, ಹಿಂದೆ ಕಾಡಂಚಿನ ಗೇಟಿನಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ಬಂದರುಗಳ ಸುಂಕದ ಕಟ್ಟೆಗಳಲ್ಲಿಯೂ ಕೇಳಬೇಕಾಗಿ ಬಂದಿತು. ಸೂಕ್ಷ್ಮದರ್ಶಕದ ನೆರವಿದ್ದರೂ ಬೀಟೆಯನ್ನು ಉತ್ತರದ ಶೀಷಮಿನಿಂದ ಬೇರ್ಪಡಿಸುವುದು ಸುಲಭಸಾಧ್ಯವಲ್ಲ.

ಈ ಸೀಮೆಯ ಅರಣ್ಯಚರಿತ್ರೆಯಲ್ಲಿ ಕೆಲಸಮಾಡಲು ಬಯಸುವ ವಿದ್ಯಾರ್ಥಿಗಳು ಮೈಸೂರು ಸಂಸ್ಥಾನದ ಕಡತಗಳಿಗೆ ತೃಪ್ತರಾಗದೆ ಕೊಳ್ಳೇಗಾಲಕ್ಕೆ ಸಂಬಂಧಿಸಿದ ಮದರಾಸಿನ ದಾಖಲೆಗಳನ್ನೂ ನೋಡಬೇಕು. ಅಲ್ಲಿ ನಡೆಯುತ್ತಿದ್ದುದು ೧೮೮೨ರ ಮದರಾಸು ಅರಣ್ಯ ಕಾಯಿದೆ. ಆ ಕಡತಗಳಲ್ಲಿ ಹೊನ್ನೆಯನ್ನು ಹುಡುಕಿದರೆ ದೊರೆಯದೆ ಹೋಗಬಹುದು. ‘ವೇಂಗೈ’ ಎಂದು ಹುಡುಕಬೇಕು. ಬೀಟೆಯು ಅಲ್ಲಿ ‘ಈಟ್ಟಿ’, ಆಂಗ್ಲರ ಬರಹದಲ್ಲಿ ‘ಬ್ಲ್ಯಾಕ್‌ವುಡ್’. ಕರಿಜಾಲಿಯು ‘ಕರುವೇಲಂ’, ಸೈನ್ಯದ ಲೆಕ್ಕಗಳಲ್ಲಿ ‘ಬಬೂಲ್’.