ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಯಾನ: ದೂರ ಮತ್ತು ಅವಧಿ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವಿನ ಅತಿ ಕಡಿಮೆ ವಾಯುದೂರ ಸುಮಾರು 13,990 ಕಿ.ಮೀ. ನಡುವೆ ಎಲ್ಲಿಯೂ ಇಳಿಯದೆ ಹಾರಿದರೆ 16ರಿಂದ 17 ಗಂಟೆ ಬೇಕು. ದೂರ ಬದಲಾಗುವುದಿಲ್ಲ, ಅವಧಿಯನ್ನು ಗಾಳಿ ಮತ್ತು ಮಾರ್ಗಗಳು ನಿರ್ಧರಿಸುತ್ತವೆ.

ದೂರದ ಲೆಕ್ಕ

ಭೂಮಿ ಗುಂಡಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಭೂಪಟದ ಮೇಲೆ ಎಳೆದ ಸರಳರೇಖೆಯಲ್ಲ, ಗೋಳದ ಮೇಲಿನ ಮಹಾವೃತ್ತದ ತುಣುಕು. ಈ ಮಾರ್ಗದಲ್ಲಿ ಅದು ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರುತ್ತದೆ. ಉತ್ತರ ಧ್ರುವವನ್ನೇ ಹಾದು ಬಂದರೂ ದೂರ ಸುಮಾರು 14,370 ಕಿ.ಮೀ., ಅಂದರೆ 380 ಕಿ.ಮೀ. ಮಾತ್ರ ಹೆಚ್ಚು.

ಇಂಥ ಲೆಕ್ಕಕ್ಕೆ ಬೇಕಾದ ಭೂಮಿಯ ಬಾಗನ್ನು ನಿಖರವಾಗಿ ಅಳೆದವರಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಪ್ರಮುಖ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆತ ಮೈಸೂರು ಯುದ್ಧ ಮುಗಿದೊಡನೆ ದಕ್ಷಿಣ ಭಾರತವನ್ನು ತ್ರಿಕೋನ ವಿಧಾನದಲ್ಲಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಈ ತ್ರಿಕೋನ ಅಳತೆಯ ಮಹಾಸರ್ವೆ ಆರಂಭವಾಯಿತು.

ನೇರ ಹಾರಾಟ

ಈ ಮಾರ್ಗದಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವ ಪ್ರದೇಶದ ಮೇಲೆ ಹಾರಿ, ಸುಮಾರು 17 ಗಂಟೆಗಳ ನಂತರ 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಬೋಯಿಂಗ್ 777-200 ಎಲ್‌ಆರ್ ವಿಮಾನದ ಪೈಲಟ್‌ಗಳೆಲ್ಲ ಮಹಿಳೆಯರು. ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್.

ಅವಧಿ ಬದಲಾಗುವ ಕಾರಣ

ಗಂಟೆಗೆ 900 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ ಹದಿನೈದೂವರೆ ಗಂಟೆ ಸಾಕು. ಆದರೆ ಮೇಲಿನ ವಾಯುಮಂಡಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ವೇಗದ ಗಾಳಿಯ ಪ್ರವಾಹಗಳಿವೆ. ಪೆಸಿಫಿಕ್ ದಾಟಿ ಅಮೆರಿಕಕ್ಕೆ ಹೋಗುವಾಗ ಅವು ಹಿಂದಿನಿಂದ ನೂಕುತ್ತವೆ, ಬರುವಾಗ ಎದುರಾಗುತ್ತವೆ. ಧ್ರುವದ ದಾರಿ ಈ ಎದುರುಗಾಳಿಯನ್ನು ತಪ್ಪಿಸಿ ಇಂಧನ ಉಳಿಸಬಲ್ಲದು. ದೇಶಗಳು ತಮ್ಮ ಆಕಾಶವನ್ನು ಮುಚ್ಚಿದಾಗಲೂ ಮಾರ್ಗ ಸುತ್ತುಬಳಸಾಗುತ್ತದೆ: 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯದ ವಾಯುಪ್ರದೇಶ ಮುಚ್ಚಿದೆ.

ಭಾರತದ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಹಾಗಾಗಿ ಟಿಕೆಟ್ಟಿನಲ್ಲಿರುವ ಹೊರಡುವ ಮತ್ತು ತಲುಪುವ ಹೊತ್ತನ್ನು ಕಳೆದರೆ ಹಾರಾಟದ ಅವಧಿ ಸಿಗದು.

ಮಂಡ್ಯ ಜಿಲ್ಲೆಯಿಂದ

ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಮಂಡಕಳ್ಳಿ ನಿಲ್ದಾಣ ಹತ್ತಿರವಿದ್ದರೂ ವಿದೇಶಕ್ಕೆ ದೇವನಹಳ್ಳಿಗೇ ಹೋಗಬೇಕು. ಶ್ರೀರಂಗಪಟ್ಟಣದಿಂದ ಅದು ಸುಮಾರು 160 ಕಿ.ಮೀ. ಈ ಎರಡೂ ಊರುಗಳಿಗೆ ಮೈಸೂರು–ಬೆಂಗಳೂರು ರೈಲು ಮತ್ತು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಅನುಕೂಲ. ನಾಗಮಂಗಲದವರು ಬೆಳ್ಳೂರು ಕ್ರಾಸ್‌ನಲ್ಲಿ, ಕೆ.ಆರ್. ಪೇಟೆಯವರು ನಾಗಮಂಗಲ ಅಥವಾ ಚನ್ನರಾಯಪಟ್ಟಣದ ಮೂಲಕ ಬೆಂಗಳೂರು–ಮಂಗಳೂರು ಹೆದ್ದಾರಿ ಸೇರುತ್ತಾರೆ. ರಸ್ತೆಯ ಹೊತ್ತು, ನಿಲ್ದಾಣದಲ್ಲಿ ಮೂರು ಗಂಟೆ ಮುಂಚಿನ ಹಾಜರಿ, ಹಾರಾಟ ಎಲ್ಲ ಸೇರಿದರೆ ನೇರ ವಿಮಾನವಿದ್ದರೂ ಮನೆಯಿಂದ ಮನೆಗೆ ಸುಮಾರು ಒಂದು ಪೂರ್ತಿ ದಿನ ಬೇಕು. ಮಕ್ಕಳನ್ನು ನೋಡಲು ಹೊರಡುವ ಹಿರಿಯರ ಔಷಧಿ, ಊಟ, ವಿಶ್ರಾಂತಿಯನ್ನು ಈ ಪೂರ್ತಿ ಅವಧಿಗೆ ಹೊಂದಿಸಿಕೊಳ್ಳಬೇಕು.