ರಾಣಿಯ ಹೆಸರಿನ ಎಂಜಿನ್, ಹೆಸರಿಲ್ಲದ ಕೈಗಳು

‘ಫೇರಿ ಕ್ವೀನ್’ ಎಂಬ ಉಗಿ ಎಂಜಿನ್ 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾಗಿ ಕಲ್ಕತ್ತೆಗೆ ಬಂತು. ಹೌರಾ–ರಾಣಿಗಂಜ್ ನಡುವೆ ಟಪಾಲು ಗಾಡಿ ಎಳೀತು. 1857ರ ದಂಗೆ ಅಡಗಿಸಲು ಹೊರಟ ಸೈನಿಕರನ್ನೂ ಸಾಗಿಸ್ತು. 1909ರಲ್ಲಿ ನಿವೃತ್ತಿ. ಎಷ್ಟೋ ವರ್ಷ ಹೌರಾ ನಿಲ್ದಾಣದ ಹೊರಗೆ ನಿಂತು, ಕಡೆಗೆ ದಿಲ್ಲಿಯ ರೈಲು ವಸ್ತುಸಂಗ್ರಹಾಲಯ ಸೇರಿತು. 1997ರಲ್ಲಿ ರಿಪೇರಿಯಾಗಿ ಪ್ರವಾಸಿಗರನ್ನು ಹೊತ್ತು ಮತ್ತೆ ಓಡಿತು.

ಕಬ್ಬಿಣ ಉಳಿಸಿದ್ದು ತಪ್ಪು ಅಂತ ನಾವು ಅನ್ನೋದಿಲ್ಲ. ಆದರೆ ಆ ಹಳಿ ರಾಣಿಗಂಜ್‌ವರೆಗೆ ಹೋದದ್ದೇ ಕಲ್ಲಿದ್ದಲಿಗಾಗಿ. ಅದನ್ನು ಅಗೆದೋರು, ಹೊತ್ತೋರು ಯಾರು? ಅಸ್ಪೃಶ್ಯರೆನಿಸಿಕೊಂಡ ಬೌರಿಗಳು, ಸಂತಾಲರು. ಗಂಡಸರ ಜೊತೆ ಹೆಂಗಸರೂ. ಎಂಜಿನ್ ಬಂದ 1855ರಲ್ಲೇ ಸಂತಾಲರು ಜಮೀನ್ದಾರ, ಸಾಹುಕಾರರ ವಿರುದ್ಧ ಬಂಡೆದ್ದು ಕಂಪನಿಯ ಗುಂಡಿಗೆ ಬಿದ್ದರು.

ಎಂಜಿನ್ನಿಗೆ ಬಣ್ಣ, ಎಣ್ಣೆ, ಮಾನ. ಇದ್ದಲು ತೆಗೆದ ಕೈಗಳಿಗೆ? ಆ ಕೈಗಳ ಲೆಕ್ಕ ಬರೆಯದ ಚರಿತ್ರೆಯನ್ನು ನಾವು ಅರ್ಧ ಚರಿತ್ರೆ ಅಂತೀವಿ.